ಮತಗಟ್ಟೆಯ ಬಾಗಿಲು ದಾಟದ ಮತಗಳು

ಮುಂಗಡ ಮತದಾನ ಹಾಗೂ ಮತಗಟ್ಟೆ ಸಮೀಕ್ಷೆಗಳ ಕುರಿತು ಈ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಐದನ್ನು ಆರಿಸಿಕೊಂಡು ಈ ಬಾರಿ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಪತ್ರಗಳು ಬೇರೆ ಬೇರೆ ಊರುಗಳಿಂದ ಬಂದಿದ್ದರೂ ಅವುಗಳ ಒಳಗಿರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಮತದಾರರು ಮತಗಟ್ಟೆಗೆ ಬರದೆಯೇ ಮತ ಹಾಕಿದಾಗ, ಮತಗಟ್ಟೆಯ ಹೊರಗೆ ಕಾದು ನಿಂತವರಿಗೆ ತಿಳಿಯುವುದೇನು?

ಪ್ರಶ್ನೆ: ಅಮೆರಿಕದಲ್ಲಿ ಚುನಾವಣೆಯ ದಿನಕ್ಕೆ ವಾರಗಟ್ಟಲೆ ಮೊದಲೇ ಕೋಟ್ಯಂತರ ಜನ ಮತ ಹಾಕಿಬಿಡುತ್ತಾರೆ ಎಂದು ಓದಿದೆ. ಹಾಗಿದ್ದ ಮೇಲೆ ಮತದಾನದ ದಿನ ಮತಗಟ್ಟೆಯ ಹೊರಗೆ ನಡೆಸುವ ಸಮೀಕ್ಷೆಯನ್ನು ನಂಬಬಹುದೇ? (ಪದವಿ ವಿದ್ಯಾರ್ಥಿನಿ, ತುಮಕೂರು)

ಉತ್ತರ: ನೀವು ಅನುಮಾನ ಪಟ್ಟಿರುವುದು ಸರಿಯಾದ ಜಾಗದಲ್ಲೇ. ಮತಗಟ್ಟೆ ಸಮೀಕ್ಷೆಯ ಬಲವೆಲ್ಲ ಇರುವುದು ಆ ಬಾಗಿಲಿನಲ್ಲಿ. ಚುನಾವಣೆಗೆ ಮುನ್ನ ಮನೆಮನೆಗೆ ಹೋಗಿ ಕೇಳಿದರೆ, ಮತ ಹಾಕುತ್ತೇವೆ ಎಂದವರಲ್ಲಿ ಎಷ್ಟು ಮಂದಿ ನಿಜವಾಗಿ ಹಾಕುತ್ತಾರೆ ಎಂಬುದು ಗೊತ್ತಾಗುವುದಿಲ್ಲ. ಆ ದಿನ ಹೇಳಿದ ಪಕ್ಷಕ್ಕೇ ಕೊನೆಗೆ ಒತ್ತುತ್ತಾರೆ ಎಂಬ ಖಾತರಿಯೂ ಇರುವುದಿಲ್ಲ. ಬಾಗಿಲಿನಿಂದ ಹೊರಗೆ ಬರುತ್ತಿರುವವರ ವಿಷಯದಲ್ಲಿ ಈ ಎರಡೂ ಸಂದೇಹಗಳು ಇರುವುದಿಲ್ಲ. ಅಮೆರಿಕದ ಸಿಬಿಎಸ್ ಟೆಲಿವಿಷನ್‌ಗಾಗಿ ಸಮೀಕ್ಷೆಗಾರ ವಾರನ್ ಮಿಟೋಫ್ಸ್ಕಿ 1967ರಲ್ಲಿ ಕೆಂಟಕಿ ರಾಜ್ಯದ ಗವರ್ನರ್ ಚುನಾವಣೆಯಲ್ಲಿ ಈ ವಿಧಾನವನ್ನು ಬಳಸಿದಾಗ, ಬಹುಪಾಲು ಮತದಾರರು ಒಂದೇ ದಿನ ಆ ಬಾಗಿಲುಗಳ ಮೂಲಕವೇ ಹಾದು ಹೋಗುತ್ತಿದ್ದರು. ಆದ್ದರಿಂದ ಹೊರಬರುವವರಲ್ಲಿ ಇಷ್ಟನೆಯವರಿಗೊಬ್ಬರಂತೆ ಲೆಕ್ಕ ಹಿಡಿದು ಕೇಳುತ್ತಾ ಹೋದರೆ ಎಲ್ಲ ಮತದಾರರ ಒಂದು ಮಾದರಿ ಸಿಗುತ್ತಿತ್ತು.

ಈಗ ಪರಿಸ್ಥಿತಿ ಹಾಗಿಲ್ಲ. ಆರೆಗನ್ ರಾಜ್ಯ 2000ದಿಂದ ಅಧ್ಯಕ್ಷೀಯ ಚುನಾವಣೆಯನ್ನು ಪೂರ್ತಿಯಾಗಿ ಅಂಚೆಯ ಮೂಲಕವೇ ನಡೆಸುತ್ತಿದೆ. ಕೊರೊನಾ ಕಾಲದ 2020ರ ಚುನಾವಣೆಯಲ್ಲಿ ಮತ ಹಾಕಿದ ಸುಮಾರು 15.8 ಕೋಟಿ ಜನರಲ್ಲಿ 10 ಕೋಟಿಗೂ ಹೆಚ್ಚು ಮಂದಿ ಚುನಾವಣೆಯ ದಿನಕ್ಕೆ ಮೊದಲೇ, ಅಂಚೆಯಿಂದಲೋ ಮುಂಗಡ ಕೇಂದ್ರಗಳಲ್ಲೋ, ತಮ್ಮ ಮತವನ್ನು ಕೊಟ್ಟು ಮುಗಿಸಿದ್ದರು. 2024ರಲ್ಲಿಯೂ ಆ ಸಂಖ್ಯೆ 8 ಕೋಟಿಯನ್ನು ದಾಟಿತು. ಮತದಾನದ ದಿನ ಬಾಗಿಲಿನಲ್ಲಿ ನಿಂತವರ ಕಣ್ಣಿಗೆ ಇವರು ಯಾರೂ ಬೀಳುವುದಿಲ್ಲ.

ಇವರೂ ಉಳಿದವರಂತೆಯೇ ಮತ ಹಾಕುವುದಾದರೆ ತೊಂದರೆಯಿರಲಿಲ್ಲ. ಹಾಗಾಗದಿದ್ದರೆ ಏನಾಗುತ್ತದೆ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ನೋಡಿ. ನೂರು ಮತದಾರರಲ್ಲಿ 40 ಮಂದಿ ಮುಂಗಡವಾಗಿ, 60 ಮಂದಿ ಮತಗಟ್ಟೆಯಲ್ಲಿ ಮತ ಹಾಕಿದರು ಎಂದುಕೊಳ್ಳೋಣ. ಮುಂಗಡ ಮತದಾರರಲ್ಲಿ ಶೇ. 60, ಮತಗಟ್ಟೆಗೆ ಬಂದವರಲ್ಲಿ ಶೇ. 40 ಮಂದಿ ಒಬ್ಬ ಅಭ್ಯರ್ಥಿಯ ಪರ ಇದ್ದರೆ, ಅವರಿಗೆ ಎರಡೂ ಕಡೆಯಿಂದ 24, 24 ಸೇರಿ ಒಟ್ಟು 48 ಮತ ಬೀಳುತ್ತದೆ. ಬಾಗಿಲಿನಲ್ಲಷ್ಟೇ ಕೇಳಿದ ಸಮೀಕ್ಷೆ, ಒಂದು ತಪ್ಪನ್ನೂ ಮಾಡದೆ, 40 ಎಂದು ಹೇಳುತ್ತದೆ. ಈ ಕೊರತೆಯನ್ನು ತುಂಬಲು ಅಮೆರಿಕದ ಟಿವಿ ಸಂಸ್ಥೆಗಳ ಕೂಟಕ್ಕಾಗಿ ಕೆಲಸ ಮಾಡಿದ ಎಡಿಸನ್ ರಿಸರ್ಚ್ ಸಂಸ್ಥೆ ಮುಂಗಡ ಮತದಾರರನ್ನು 2024ರ ಚುನಾವಣೆಗೆ ಮೊದಲೇ ದೂರವಾಣಿಯಲ್ಲಿ ಮಾತನಾಡಿಸಿತ್ತು. ಕೆಲವು ರಾಜ್ಯಗಳಲ್ಲಿ ಮುಂಗಡ ಮತದಾನ ಕೇಂದ್ರಗಳ ಹೊರಗೂ ಜನರನ್ನು ನಿಲ್ಲಿಸಿತ್ತು. ಇದರಿಂದ ಮುಂಗಡ ಮತದಾರರ ಒಲವು ಶೇ. 60 ಎಂದು ತಿಳಿಯಿತು ಎಂದೇ ಇಟ್ಟುಕೊಳ್ಳಿ. ಆದರೆ ಮುಂಗಡ ಮತಗಳ ಪಾಲು 40 ಇರುವಾಗ 30 ಎಂದು ಅಂದಾಜಿಸಿದರೆ ಒಟ್ಟು 46ಕ್ಕೆ ಇಳಿಯುತ್ತದೆ, 50 ಎಂದು ಅಂದಾಜಿಸಿದರೆ 50ಕ್ಕೆ ಏರುತ್ತದೆ. ಎರಡೂ ಗುಂಪುಗಳು ಕೊಟ್ಟ ಉತ್ತರಗಳು ಸರಿಯಾಗಿಯೇ ಇದ್ದು, ಅವುಗಳನ್ನು ಬೆರೆಸುವ ಪ್ರಮಾಣವೊಂದು ತಪ್ಪಿದ್ದಕ್ಕೆ, ಸೋಲುತ್ತಿರುವವರು ಸಮಬಲಕ್ಕೆ ಬಂದು ನಿಂತರು. ಈ ವಿಷಯದ ತಿರುಳು ಇಲ್ಲಿದೆ ಎಂದು ನನ್ನ ಭಾವನೆ. ಮುಂಗಡ ಮತದಾನ ಬೆಳೆದಷ್ಟೂ ಸಮೀಕ್ಷೆಯ ಭಾರ ಬಾಗಿಲಿನಿಂದ ಸರಿದು ಈ ಬೆರಕೆಯ ಅಂದಾಜಿನ ಮೇಲೆ ಬೀಳುತ್ತದೆ, ಮತ್ತು ಟಿವಿಯಲ್ಲಿ ಅಂಕಿ ನೋಡುವವರಿಗೆ ಆ ಅಂದಾಜು ಕಾಣುವುದೇ ಇಲ್ಲ.

2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲಾರಿಡಾ ರಾಜ್ಯದಲ್ಲಿ ನಡೆದದ್ದು ಇದಕ್ಕೆ ದೊಡ್ಡ ಉದಾಹರಣೆ. ಆ ರಾತ್ರಿ ಎಂಟು ಗಂಟೆಗೆ ಸ್ವಲ್ಪ ಮುಂಚೆ ಟಿವಿ ಸಂಸ್ಥೆಗಳು ರಾಜ್ಯವನ್ನು ಅಲ್ ಗೋರ್ ಗೆದ್ದಿದ್ದಾರೆ ಎಂದು ಘೋಷಿಸಿದವು, ಆಮೇಲೆ ಮಾತು ಹಿಂತೆಗೆದುಕೊಂಡವು, ನಡುರಾತ್ರಿ ಕಳೆದ ಮೇಲೆ ಅವರ ಎದುರಾಳಿ ಬುಷ್ ಗೆದ್ದರೆಂದು ಹೇಳಿ ಅದನ್ನೂ ಹಿಂತೆಗೆದುಕೊಂಡವು. ಕೊನೆಗೆ ಅಂತರ 537 ಮತಗಳೆಂದು ನಿಂತಿತು. ಮೊದಲ ತಪ್ಪು ಘೋಷಣೆಗೆ ಹಲವು ಕಾರಣಗಳಿದ್ದವು. ಮತಗಟ್ಟೆಗೆ ಬಾರದೆ ಮತ ಕಳುಹಿಸಿದವರ ಪಾಲನ್ನು ನಿಜಕ್ಕಿಂತ ಕಡಿಮೆ ಎಣಿಸಿದ್ದು ಅವುಗಳಲ್ಲೊಂದು.

ಹಿಂದಿನ ಚುನಾವಣೆಯ ಅನುಭವವೂ ಇಲ್ಲಿ ಪೂರ್ತಿ ಕೈಹಿಡಿಯುವುದಿಲ್ಲ. 2020ರಲ್ಲಿ ಡೆಮಾಕ್ರಟಿಕ್ ಬೆಂಬಲಿಗರು ಹೆಚ್ಚಾಗಿ ಅಂಚೆಯನ್ನು, ರಿಪಬ್ಲಿಕನ್ ಬೆಂಬಲಿಗರು ಹೆಚ್ಚಾಗಿ ಮತಗಟ್ಟೆಯನ್ನು ನೆಚ್ಚಿಕೊಂಡರು. 2024ರಲ್ಲಿ ರಿಪಬ್ಲಿಕನ್ ಪಕ್ಷವೇ ಮುಂಗಡ ಮತ ಹಾಕಿ ಎಂದು ತನ್ನವರನ್ನು ಹುರಿದುಂಬಿಸಿತು, ಎರಡರ ನಡುವಿನ ಅಂತರ ಕುಗ್ಗಿತು. ನಾಲ್ಕು ವರ್ಷ ಹಳೆಯ ಅಳತೆಗೋಲನ್ನು ಹಿಡಿದು ಕೂತವರು ಮೋಸಹೋಗುವುದು ಸಹಜ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯಂತೂ 2016ರ ಚುನಾವಣೆಯ ನಂತರ ಬಾಗಿಲಿನ ಸಮೀಕ್ಷೆಯನ್ನೇ ಬಿಟ್ಟು, 2018ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ನಾರ್ಕ್ ಸಂಸ್ಥೆಯ ಜೊತೆಗೂಡಿ ವೋಟ್‌ಕಾಸ್ಟ್ ಎಂಬ ಬೇರೆ ವಿಧಾನಕ್ಕೆ ಹೋಯಿತು. ಅದರಲ್ಲಿ ನೋಂದಾಯಿತ ಮತದಾರರನ್ನು ಮತದಾನಕ್ಕೆ ಕೆಲವು ದಿನ ಮೊದಲಿನಿಂದಲೇ ಅಂಚೆ, ದೂರವಾಣಿ ಮತ್ತು ಅಂತರ್ಜಾಲದ ಮೂಲಕ ಸಂಪರ್ಕಿಸುತ್ತಿದ್ದರು.

ಪ್ರಶ್ನೆ: ಬ್ರಿಟನ್ನಿನಲ್ಲಿಯೂ ಅಂಚೆ ಮತ ಹೆಚ್ಚು. ಆದರೂ ಅಲ್ಲಿನ ಮತಗಟ್ಟೆ ಸಮೀಕ್ಷೆ ಬಹಳ ನಿಖರವಾಗಿರುತ್ತದೆ ಎನ್ನುತ್ತಾರೆ. ನಮ್ಮವರು ಅದನ್ನೇ ಅನುಸರಿಸಬಾರದೇಕೆ? (ನಿವೃತ್ತ ಶಿಕ್ಷಕರು, ಶಿರಾ)

ಉತ್ತರ: ಬ್ರಿಟನ್ನಿನಲ್ಲಿ ಸುಮಾರು ಐದರಲ್ಲೊಂದು ಮತ ಅಂಚೆಯಿಂದ ಬರುತ್ತದೆ, ಮತ್ತು ಅಲ್ಲಿನ ಸಮೀಕ್ಷೆಗಾರರು ಆ ಮತದಾರರನ್ನು ಕೇಳುವ ಗೋಜಿಗೇ ಹೋಗುವುದಿಲ್ಲ. ಆದರೂ 2019ರಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ 368 ಸ್ಥಾನ ಎಂದು ರಾತ್ರಿ ಹತ್ತು ಗಂಟೆಗೆ ಹೇಳಿದರು, ಬಂದದ್ದು 365. ಅವರ ಉಪಾಯ ಇಷ್ಟು: ಹಿಂದಿನ ಚುನಾವಣೆಯಲ್ಲಿ ಯಾವ ಮತಗಟ್ಟೆಗಳಿಗೆ ಹೋಗಿದ್ದರೋ ಆದಷ್ಟು ಅದೇ ಮತಗಟ್ಟೆಗಳಿಗೆ ಮತ್ತೆ ಹೋಗಿ, ಅಲ್ಲಿ ಆದ ಏರಿಳಿತವನ್ನಷ್ಟೇ ಅಳೆಯುತ್ತಾರೆ. ಅಂಚೆ ಮತದಾರರು ಮತಗಟ್ಟೆಯವರಿಗಿಂತ ಭಿನ್ನವಾಗಿರಬಹುದು, ಆದರೆ ಆ ಭಿನ್ನತೆ ಕಳೆದ ಬಾರಿ ಎಷ್ಟಿತ್ತೋ ಈ ಬಾರಿಯೂ ಅಷ್ಟೇ ಇದ್ದರೆ, ಏರಿಳಿತ ಎರಡೂ ಕಡೆ ಒಂದೇ ಆಗಿರುತ್ತದೆ. ಮುಂಗಡ ಮತದ ತೊಡಕನ್ನು ಅವರು ಬಿಡಿಸಿಲ್ಲ, ಪಕ್ಕಕ್ಕೆ ಸರಿದು ದಾಟಿದ್ದಾರೆ. ಬುದ್ಧಿವಂತಿಕೆಯ ಕೆಲಸವೇ.

ನಮ್ಮ ಕಡೆ ಇದು ನಡೆಯುವುದು ಕಷ್ಟ, ಮತ್ತು ಅದಕ್ಕೆ ನಿಮ್ಮದೇ ಜಿಲ್ಲೆಯನ್ನು ನೋಡಿದರೆ ಸಾಕು. 2019ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಒಂದಾಗಿದ್ದವು, ತುಮಕೂರಿನಲ್ಲಿ ಎಚ್.ಡಿ. ದೇವೇಗೌಡರು ನಿಂತಿದ್ದರಿಂದ ಮತಯಂತ್ರದಲ್ಲಿ 'ಕೈ' ಗುರುತು ಇರಲಿಲ್ಲ. 2024ರಲ್ಲಿ ಜೆಡಿಎಸ್ ಬಿಜೆಪಿಯ ಜೊತೆಗಿತ್ತು. ಕೋಲಾರದಲ್ಲಿ ಆ ಮೈತ್ರಿಯ ಅಭ್ಯರ್ಥಿ ಜೆಡಿಎಸ್‌ನವರಾದ್ದರಿಂದ ಅಲ್ಲಿನ ಮತಯಂತ್ರದಲ್ಲಿ 'ಕಮಲ' ಇರಲಿಲ್ಲ, ತುಮಕೂರಿನಲ್ಲಿ 'ತೆನೆ ಹೊತ್ತ ಮಹಿಳೆ' ಇರಲಿಲ್ಲ. ಐದು ವರ್ಷ ಹಿಂದಿನ ಮತಗಟ್ಟೆಗೇ ಹೋಗಿ ನಿಂತರೂ ಯಾವುದರೊಡನೆ ಯಾವುದನ್ನು ಹೋಲಿಸುವುದು?

ಇನ್ನೊಂದು ಮಾತು. ಬಾಗಿಲಿನಲ್ಲಿ ನಿಂತ ಮಾತ್ರಕ್ಕೆ ಎಲ್ಲರೂ ಸಿಗುತ್ತಾರೆಂದೂ ಭಾವಿಸಬೇಡಿ. ತುಮಕೂರಿನ ಒಂದು ಶಾಲೆಯ ಮುಂದೆ, ಗೇಟಿನಿಂದ ದೂರದಲ್ಲಿ ಹೊಂಗೆ ಮರದ ನೆರಳಿನಲ್ಲಿ, ಕೈಯಲ್ಲಿ ಟ್ಯಾಬ್ ಹಿಡಿದು ನಿಂತಿದ್ದ ಹುಡುಗನೊಬ್ಬನನ್ನು ನಾನು ಒಂದು ಗಂಟೆ ಗಮನಿಸಿದ್ದೆ. ಬೆಂಗಳೂರಿನಿಂದ ಮತ ಹಾಕಲೆಂದೇ ಬಂದಿದ್ದ ಯುವಕರು ಮರಳುವ ಬಸ್ಸಿನ ಅವಸರದಲ್ಲಿ ಅವನ ಮುಂದೆ ನಿಲ್ಲಲಿಲ್ಲ. ಸೆರಗು ಸರಿಪಡಿಸಿಕೊಳ್ಳುತ್ತಾ ಗುಂಪಾಗಿ ಬಂದ ಹೆಂಗಸರು ನಕ್ಕು ಮುಂದೆ ಹೋದರು. ನಿಂತು ಮಾತನಾಡಿದವರು ಬಹುಪಾಲು ಬಿಡುವಿದ್ದ, ಮಾತಿನ ಹುರುಪಿದ್ದ ನಡುವಯಸ್ಸಿನ ಗಂಡಸರು. ಅವನು ತನ್ನ ಕೆಲಸವನ್ನು ಶ್ರದ್ಧೆಯಿಂದಲೇ ಮಾಡುತ್ತಿದ್ದ. ನಿಲ್ಲದೆ ಹೋದ ಪ್ರತಿಯೊಬ್ಬರ ಅಂದಾಜು ವಯಸ್ಸನ್ನು ಗುರುತು ಹಾಕಿಕೊಳ್ಳುತ್ತಿದ್ದ. ಆದರೆ ವಯಸ್ಸನ್ನು ಕಣ್ಣಳತೆಯಲ್ಲಿ ಹೇಳಬಹುದು, ಮತವನ್ನು ಹೇಳಲಾಗದು.

ಪ್ರಶ್ನೆ: ನಮ್ಮ ತಾಯಿಗೆ 86 ವರ್ಷ. 2024ರಲ್ಲಿ ಚುನಾವಣಾ ಸಿಬ್ಬಂದಿ ಮನೆಗೇ ಬಂದು ಅವರಿಂದ ಮತ ಹಾಕಿಸಿಕೊಂಡು ಹೋದರು. ಅವರು ಹೋದ ಅರ್ಧ ಗಂಟೆಗೆ ಊರಿನ ಇಬ್ಬರು ಬಂದು, ತಾವು ಯಾವುದೋ ಸಮೀಕ್ಷೆಯವರೆಂದು ಹೇಳಿಕೊಂಡು, ಯಾರಿಗೆ ಹಾಕಿದಿರಿ ಎಂದು ಅಮ್ಮನನ್ನು ಒತ್ತಾಯಿಸಿದರು. ಇದು ಸರಿಯೇ? ಮನೆಯಿಂದ ಹಾಕಿದ ಮತಗಳು ಸಮೀಕ್ಷೆಗಳಲ್ಲಿ ಸೇರುತ್ತವೆಯೇ? (ಕೃಷಿಕರು, ಗುಬ್ಬಿ ತಾಲ್ಲೂಕು)

ಉತ್ತರ: ಮೊದಲನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ: ಸರಿಯಲ್ಲ, ಮತ್ತು ನಿಮ್ಮ ತಾಯಿ ಅವರಿಗೆ ಒಂದು ಮಾತನ್ನೂ ಹೇಳಬೇಕಾಗಿರಲಿಲ್ಲ. ತಾವು ಯಾರಿಗೆ ಮತ ಹಾಕಿದೆವು ಎಂದು ಹೇಳುವಂತೆ ಮತದಾರರನ್ನು ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ನಿಲ್ಲಿಸಿಯೂ ಬಲವಂತಪಡಿಸುವಂತಿಲ್ಲ ಎಂದು ಪ್ರಜಾಪ್ರತಿನಿಧಿ ಕಾಯ್ದೆಯ 94ನೆಯ ಕಲಮು ಹೇಳುತ್ತದೆ. ನ್ಯಾಯಾಧೀಶರ ಮುಂದೆ ಇಲ್ಲದ ಕಟ್ಟುಪಾಡು ಜಗಲಿಯ ಮೇಲೆ ಬಂದು ಕೂತವರ ಮುಂದೆ ಎಲ್ಲಿಂದ ಬರಬೇಕು? ಸಮೀಕ್ಷೆಗೆ ಉತ್ತರಿಸುವುದು ಪೂರ್ತಿಯಾಗಿ ಮತದಾರರ ಇಷ್ಟ. ನಿಜವಾದ ಸಮೀಕ್ಷೆಯವರು ಹೆಸರು ಕೇಳುವುದಿಲ್ಲ, ಒಲ್ಲೆ ಎಂದರೆ ಎದ್ದು ಹೋಗುತ್ತಾರೆ. ನಿಮ್ಮ ಮನೆಗೆ ಬಂದವರು ಹೆಸರು, ಮುಖ, ಮನೆ ಎಲ್ಲ ಗೊತ್ತಿದ್ದು ಕೇಳಿದವರು. ಮತಗಟ್ಟೆಯಲ್ಲಿ ಹಾಕಿದ ಮತ ಸಾವಿರ ಮತಗಳ ನಡುವೆ ಕರಗಿಹೋಗುತ್ತದೆ. ಮನೆಯಲ್ಲಿ ಹಾಕಿದಾಗ, ಸಿಬ್ಬಂದಿಯ ಜೀಪು ಯಾರ ಮನೆಯ ಮುಂದೆ ನಿಂತಿತ್ತು ಎಂಬುದು ಬೀದಿಗೆಲ್ಲ ತಿಳಿದಿರುತ್ತದೆ. ಆದ್ದರಿಂದಲೇ ಇಲ್ಲಿ ಹೆಚ್ಚಿನ ಎಚ್ಚರ ಬೇಕು. ಮುಂದೆ ಹೀಗಾದರೆ ಮತಗಟ್ಟೆ ಮಟ್ಟದ ಅಧಿಕಾರಿಗೆ ಅಥವಾ ತಹಶೀಲ್ದಾರರ ಕಚೇರಿಗೆ ಲಿಖಿತವಾಗಿ ತಿಳಿಸಿ.

ನೀವು ಪತ್ರದಲ್ಲಿ ಬರೆದಿರುವ ದೃಶ್ಯ ನನ್ನ ಮನಸ್ಸಿನಲ್ಲಿ ಉಳಿದಿದೆ. ಮಂಚದ ಪಕ್ಕದ ಸ್ಟೂಲಿನ ಮೇಲೆ ರಟ್ಟಿನ ಮರೆ ಇಟ್ಟು, ಸಿಬ್ಬಂದಿ ಬೆನ್ನು ತಿರುಗಿಸಿ ನಿಂತದ್ದು. ಅಮ್ಮ ಮತಪತ್ರವನ್ನು ಎರಡು ಬಾರಿ ಬಿಚ್ಚಿ ಮತ್ತೆ ಮಡಚಿ ಲಕೋಟೆಗೆ ಹಾಕಿದ್ದು. ಹೊರಗೆ ಒಬ್ಬರು ವಿಡಿಯೊ ಮಾಡುತ್ತಿದ್ದರೂ ಮರೆಯ ಒಳಗೆ ಕ್ಯಾಮೆರಾ ಹೋಗದಂತೆ ನೋಡಿಕೊಂಡದ್ದು. ಇದು ನಿಯಮದಂತೆಯೇ ನಡೆದಿದೆ. ನಮೂನೆ 12ಡಿ ಕೊಟ್ಟು ಈ ಸೌಲಭ್ಯ ಪಡೆದವರ ಹೆಸರಿನ ಮುಂದೆ ಮತದಾರರ ಪಟ್ಟಿಯಲ್ಲಿ ಗುರುತು ಬೀಳುತ್ತದೆ, ಆಮೇಲೆ ಅವರು ಮತಗಟ್ಟೆಗೆ ಬಂದು ಹಾಕುವಂತಿಲ್ಲ. ಹಾಗಾಗಿ ಮತಗಟ್ಟೆಯ ಬಾಗಿಲಿನ ಸಮೀಕ್ಷೆಯಲ್ಲಿ ಅವರು ಸೇರುವುದಿಲ್ಲ.

ಅದರಿಂದ ಸಮೀಕ್ಷೆ ಕೆಡುತ್ತದೆಯೇ ಎಂದರೆ, ಸದ್ಯಕ್ಕೆ ಇಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದಲ್ಲಿ ಮೊದಲ ಬಾರಿಗೆ 80 ದಾಟಿದವರಿಗೂ ಅಂಗವಿಕಲರಿಗೂ ಮನೆಯಿಂದ ಮತ ಹಾಕುವ ಅವಕಾಶ ಸಿಕ್ಕಾಗ, 80 ದಾಟಿದವರೇ 12 ಲಕ್ಷಕ್ಕೂ ಹೆಚ್ಚಿದ್ದರೂ ಎರಡೂ ವರ್ಗ ಸೇರಿ ಹೆಸರು ಕೊಟ್ಟವರು ಒಂದು ಲಕ್ಷದ ಒಳಗೆ. ಮತ ಹಾಕಿದ ಸುಮಾರು 3.8 ಕೋಟಿ ಜನರಲ್ಲಿ ಇದು ಸಾವಿರಕ್ಕೆ ಮೂರರಷ್ಟೂ ಆಗುವುದಿಲ್ಲ. ಉಳಿದ ವೃದ್ಧರು ಮಕ್ಕಳ ತೋಳು ಹಿಡಿದು, ಗಾಲಿಕುರ್ಚಿಯಲ್ಲಿ ಕೂತು, ಮತಗಟ್ಟೆಗೇ ಬಂದರು. 2024ರಲ್ಲಿ ವಯಸ್ಸಿನ ಮಿತಿಯನ್ನು 85ಕ್ಕೆ ಏರಿಸಿದ್ದರಿಂದ ಅರ್ಹರ ಸಂಖ್ಯೆ ಇನ್ನೂ ಇಳಿಯಿತು. ಚುನಾವಣಾ ಕರ್ತವ್ಯದ ಸಿಬ್ಬಂದಿ ಮತ್ತು ಸೈನಿಕರ ಅಂಚೆ ಮತಗಳು ಬೇರೆ ಇವೆ. ಅವೆಲ್ಲ ಸೇರಿದರೂ ಅಮೆರಿಕದ ಪ್ರಮಾಣದ ಹತ್ತಿರಕ್ಕೂ ಬರುವುದಿಲ್ಲ. ನಮ್ಮ ಸಮೀಕ್ಷೆಗಳು ಎಡವುವ ಕಲ್ಲು ಬೇರೆ ಕಡೆ ಇದೆ.

ಪ್ರಶ್ನೆ: 2024ರಲ್ಲಿ ನಾವು ಏಪ್ರಿಲ್ 26ರಂದು ಮತ ಹಾಕಿದೆವು, ಸಮೀಕ್ಷೆ ಬಂದದ್ದು ಜೂನ್ 1ರ ಸಂಜೆ. ದೇಶದ ಲೆಕ್ಕದಲ್ಲಿ ನೋಡಿದರೆ ನಮ್ಮದೂ ಒಂದು ಬಗೆಯ ಮುಂಗಡ ಮತದಾನವೇ ಅಲ್ಲವೇ? ಅಷ್ಟು ದಿನ ಬಚ್ಚಿಟ್ಟ ಮಾಹಿತಿ ಹಳಸುವುದಿಲ್ಲವೇ? (ಅಂಗಡಿ ಮಾಲೀಕರು, ಚಿಂತಾಮಣಿ)

ಉತ್ತರ: ಒಳ್ಳೆಯ ಹೋಲಿಕೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಮತದಾರರ ಉತ್ತರಗಳು 36 ದಿನ ಮುಚ್ಚಿದ ಪೆಟ್ಟಿಗೆಯಲ್ಲಿದ್ದವು. ಆದರೆ ನಿಮ್ಮನ್ನು ಮತಗಟ್ಟೆಯ ಬಾಗಿಲಿನಲ್ಲಿ, ಹಾಕಿದ ದಿನವೇ ಕೇಳಿರುತ್ತಾರೆ, ಹಾಕಿದ ಮತ ಆಮೇಲೆ ಬದಲಾಗುವುದೂ ಇಲ್ಲ. ಆದ್ದರಿಂದ ಮಾಹಿತಿ ಹಳಸುವುದಿಲ್ಲ.

ಬಚ್ಚಿಡುವುದಕ್ಕೆ ಕಾರಣ ಕಾನೂನು. ಪ್ರಜಾಪ್ರತಿನಿಧಿ ಕಾಯ್ದೆಗೆ 2009ರ ತಿದ್ದುಪಡಿಯಲ್ಲಿ ಸೇರಿಸಿದ 126ಎ ಕಲಮಿನ ಪ್ರಕಾರ, ಮೊದಲ ಹಂತದ ಮತದಾನ ಆರಂಭವಾದ ಗಳಿಗೆಯಿಂದ ಕೊನೆಯ ಹಂತ ಮುಗಿದ ಅರ್ಧ ಗಂಟೆಯವರೆಗೆ ಮತಗಟ್ಟೆ ಸಮೀಕ್ಷೆಯ ಫಲಿತಾಂಶವನ್ನು ಯಾವ ರೀತಿಯಲ್ಲೂ ಪ್ರಕಟಿಸುವಂತಿಲ್ಲ. ಪ್ರಕಟಿಸಿದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ. ನಿಮ್ಮ ಮತದ ಸುಳಿವು ಕಂಡು ಮೇ 7ಕ್ಕೆ ಕಲಬುರಗಿಯವರೋ ಜೂನ್ 1ಕ್ಕೆ ವಾರಾಣಸಿಯವರೋ ಮನಸ್ಸು ಬದಲಿಸಬಾರದು, ಗೆಲ್ಲುವವರ ಕಡೆ ವಾಲಬಾರದು, ಹೇಗಿದ್ದರೂ ಸೋಲು ಎಂದು ಮನೆಯಲ್ಲೇ ಉಳಿಯಬಾರದು ಎಂಬುದು ಅದರ ಉದ್ದೇಶ. ಅಮೆರಿಕದಲ್ಲಿ 1980ರಲ್ಲಿ ಪಶ್ಚಿಮ ಕರಾವಳಿಯ ಮತಗಟ್ಟೆಗಳು ಇನ್ನೂ ತೆರೆದಿರುವಾಗಲೇ ರೇಗನ್ ಗೆದ್ದರೆಂದು ಟಿವಿಗಳು ಸಾರಿ, ಕಾರ್ಟರ್ ಸೋಲನ್ನೂ ಒಪ್ಪಿಕೊಂಡಾಗ ಇದೇ ದೂರು ಎದ್ದಿತ್ತು. ಅಲ್ಲಿ ಇಂಥ ನಿಷೇಧ ವಾಕ್ ಸ್ವಾತಂತ್ರ್ಯಕ್ಕೆ ಅಡ್ಡಬರುವುದರಿಂದ, ಒಂದು ರಾಜ್ಯದ ಮತದಾನ ಮುಗಿಯುವವರೆಗೆ ಅದರ ಫಲಿತಾಂಶ ಊಹಿಸುವುದಿಲ್ಲ ಎಂದು ಟಿವಿ ಸಂಸ್ಥೆಗಳು ತಾವೇ ಕಟ್ಟು ಹಾಕಿಕೊಂಡಿವೆ. ನಮ್ಮ ಕಾನೂನಿನ ದಾರಿಯೇ ಹೆಚ್ಚು ಗಟ್ಟಿ ಎಂದು ನನಗೆ ಅನಿಸುತ್ತದೆ.

ಆದರೆ 36 ದಿನದ ಮೌನ ಸಮೀಕ್ಷೆಯ ಗುಣಮಟ್ಟವನ್ನು ಹೆಚ್ಚಿಸಲಿಲ್ಲ ಎಂಬುದನ್ನೂ ಹೇಳಬೇಕು. 2024ರಲ್ಲಿ ಬಹುತೇಕ ಸಂಸ್ಥೆಗಳು ಎನ್‌ಡಿಎಗೆ 350ಕ್ಕೂ ಹೆಚ್ಚು ಸ್ಥಾನ ಕೊಟ್ಟವು, ಕೆಲವು 400ನ್ನೂ ದಾಟಿಸಿದವು. ಬಂದದ್ದು 293. ಆ ಅಂಕಿಗಳನ್ನು ನಂಬಿ ಜೂನ್ 3ರಂದು ಎರಡೂವರೆ ಸಾವಿರ ಅಂಶ ಏರಿದ ಸೆನ್ಸೆಕ್ಸ್, ಮರುದಿನ ಎಣಿಕೆ ಸಾಗಿದಂತೆ ನಾಲ್ಕು ಸಾವಿರಕ್ಕೂ ಹೆಚ್ಚು ಅಂಶ ಕುಸಿಯಿತು. ಅಂಚೆ ಮತ ಇದಕ್ಕೆ ಕಾರಣವಲ್ಲ. ಉತ್ತರಿಸಲು ಹಿಂಜರಿದವರು, ಸಮೀಕ್ಷೆಯವರು ತಲುಪದ ಕೇರಿಗಳು, ಮತಪ್ರಮಾಣವನ್ನು ಸ್ಥಾನಗಳಾಗಿ ಪರಿವರ್ತಿಸುವ ಲೆಕ್ಕಾಚಾರ, ಇವುಗಳಲ್ಲಿ ಹುಡುಕಬೇಕು.

ಪ್ರಶ್ನೆ: ಎಣಿಕೆಯ ದಿನ ಬೆಳಿಗ್ಗೆ ಅಂಚೆ ಮತಗಳ ಮುನ್ನಡೆಯನ್ನು ನೋಡಿ ಪಟಾಕಿ ಹಚ್ಚಿದವರು ಮಧ್ಯಾಹ್ನಕ್ಕೆ ಸಪ್ಪೆ ಮೋರೆ ಹಾಕುವುದನ್ನು ನಮ್ಮೂರಿನಲ್ಲಿ ಕಂಡಿದ್ದೇನೆ. ಅಂಚೆ ಮತಗಳಿಗೆ ನಿಜಕ್ಕೂ ಬೆಲೆ ಇದೆಯೇ? (ಗೃಹಿಣಿ, ಮಾಲೂರು)

ಉತ್ತರ: ಮುನ್ಸೂಚನೆಯಾಗಿ ಬೆಲೆ ಕಡಿಮೆ, ಮತವಾಗಿ ಪೂರ್ತಿ ಬೆಲೆ ಇದೆ. ಮೊದಲಿಗೆ, ಬೆಳಿಗ್ಗೆ ಎಂಟು ಗಂಟೆಗೆ, ಅಂಚೆ ಮತಗಳನ್ನು ಕೈಗೆತ್ತಿಕೊಂಡು ಅರ್ಧ ಗಂಟೆಯ ನಂತರ ಮತಯಂತ್ರಗಳ ಎಣಿಕೆ ಆರಂಭಿಸುತ್ತಾರೆ. ಮೊದಲು ಕಾಣುವುದು ಹೆಚ್ಚಾಗಿ ಸರ್ಕಾರಿ ನೌಕರರ, ಯೋಧರ, ವಯೋವೃದ್ಧರ ಮತ. ಅದು ಇಡೀ ಕ್ಷೇತ್ರದ ಪಡಿಯಚ್ಚಾಗಿರಬೇಕೆಂದಿಲ್ಲ. ಪೆನ್ಸಿಲ್ವೇನಿಯಾದಲ್ಲಿ 2020ರಲ್ಲಿ ಇದರ ತಿರುಗುಮುರುಗು ನಡೆಯಿತು. ಅಲ್ಲಿ ಅಂಚೆ ಮತಗಳ ಲಕೋಟೆಯನ್ನು ಚುನಾವಣೆಯ ದಿನಕ್ಕೆ ಮೊದಲು ತೆರೆಯುವಂತಿರಲಿಲ್ಲ, ಆದ್ದರಿಂದ ಮೊದಲೇ ಹಾಕಿದ ಮತಗಳು ಕೊನೆಗೆ ಎಣಿಕೆಯಾಗಿ, ಆ ರಾತ್ರಿ ಲಕ್ಷಗಟ್ಟಲೆ ಮುಂದಿದ್ದ ಟ್ರಂಪ್ ನಾಲ್ಕು ದಿನಗಳಲ್ಲಿ ಹಿಂದೆ ಬಿದ್ದರು. ಯಾರೂ ಮತ ಬದಲಿಸಿರಲಿಲ್ಲ, ಎಣಿಸಿದ ಸರದಿ ಬೇರೆಯಾಗಿತ್ತು.

ಇನ್ನು ಬೆಲೆಯ ಮಾತು ಮಾಲೂರಿನವರಿಗೆ ಬೇರೆಯವರು ಹೇಳಬೇಕಾಗಿಲ್ಲ. 2023ರಲ್ಲಿ ನಿಮ್ಮ ಕ್ಷೇತ್ರದ ಫಲಿತಾಂಶವನ್ನು ಘೋಷಿಸಿದ್ದು 248 ಮತಗಳ ಅಂತರದಲ್ಲಿ, ಬೆಂಗಳೂರಿನ ಜಯನಗರದಲ್ಲಿ ಅದೇ ವರ್ಷ 16 ಮತಗಳ ಅಂತರದಲ್ಲಿ, ಅದೂ ತಿರಸ್ಕೃತ ಅಂಚೆ ಮತಪತ್ರಗಳನ್ನು ಮತ್ತೆ ಪರಿಶೀಲಿಸಿದ ಮೇಲೆ. ಯಾವ ಮತಗಟ್ಟೆ ಸಮೀಕ್ಷೆಯೂ ಇಷ್ಟು ಕಿರಿದಾದ ಅಂತರವನ್ನು ಹಿಡಿಯಲಾರದು. ನಿಮ್ಮ ಮನೆಯಲ್ಲಿ ಅಂಚೆ ಮತ ಹಾಕುವವರಿದ್ದರೆ ನಮೂನೆ 13ಎ ಘೋಷಣೆಯ ಮೇಲೆ ಸಹಿ ಮತ್ತು ದೃಢೀಕರಣ ಇವೆಯೇ, ಅದರಲ್ಲಿ ಬರೆದ ಮತಪತ್ರದ ಕ್ರಮಸಂಖ್ಯೆ ಒಳಗಿನ ಲಕೋಟೆಯ ಮೇಲಿನ ಸಂಖ್ಯೆಗೆ ಹೊಂದುತ್ತದೆಯೇ ಎಂದು ಎರಡು ಬಾರಿ ನೋಡಿಕೊಳ್ಳಲು ಹೇಳಿ. ಇವು ಹೊಂದದೆ ಹೋದರೆ ಮತಪತ್ರದ ಲಕೋಟೆಯನ್ನು ತೆರೆಯುವುದೇ ಇಲ್ಲ. ಅಂಚೆ ಮತಗಳ ಎಣಿಕೆ ಮುಗಿಯುವ ಮೊದಲೇ ಮತಯಂತ್ರಗಳ ಎಣಿಕೆ ಮುಗಿದುಹೋಗಬಾರದೆಂದು, ಅವುಗಳ ಕೊನೆಯದಕ್ಕೆ ಹಿಂದಿನ ಸುತ್ತನ್ನು ಅಂಚೆ ಮತಗಳ ಲೆಕ್ಕ ಪೂರ್ತಿಯಾದ ಮೇಲೆಯೇ ಆರಂಭಿಸಬೇಕು ಎಂದು ಚುನಾವಣಾ ಆಯೋಗ 2025ರ ಸೆಪ್ಟೆಂಬರ್‌ನಲ್ಲಿ ಸೂಚಿಸಿದೆ.